ಉರಿಚ್‌ನ ಕಾಣದ ಕೋಟೆ

ಪ್ರಶ್ನೆ: ಉಕ್ರೇನಿನ ಕಾರ್ಪೇಥಿಯನ್ ಬೆಟ್ಟಗಳ ಬುಡದಲ್ಲಿರುವ ಉರಿಚ್ ಎಂಬ ಹಳ್ಳಿಯಲ್ಲಿ, ಬಂಡೆಗಳಿಗೆ ಅಂಟಿಕೊಂಡಿದ್ದ ಐದಂತಸ್ತಿನ ಮರದ ಕೋಟೆಯ ಚಿತ್ರ ನೋಡಿದೆ. ಈಗ ಅಲ್ಲಿ ಬರಿಯ ಬಂಡೆಗಳಿವೆಯಂತೆ. ಹಾಗಾದರೆ ಚಿತ್ರ ಕಲ್ಪನೆಯಲ್ಲವೇ? ಅಷ್ಟು ಸಣ್ಣ ಊರಿಗೆ ಕೋಟೆ ಏಕೆ ಬೇಕಿತ್ತು?
— ಓದುಗರೊಬ್ಬರು, ಸಾಗರ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ. ಕಾರಣ ಉಪ್ಪು. ಉತ್ತರಕ್ಕಿರುವ ದ್ರೊಹೊಬಿಚ್ ಪಟ್ಟಣದಲ್ಲಿ ಬಾವಿಯ ಉಪ್ಪುನೀರನ್ನು ಕಾಯಿಸಿ ಉಪ್ಪು ತೆಗೆಯುತ್ತಿದ್ದರು. ಅದು ಕಣಿವೆಗಳನ್ನು ದಾಟಿ ಬೆಟ್ಟದ ಆಚೆಗೆ ಹೋಗಬೇಕಿತ್ತು. ದಾರಿಯಲ್ಲಿ ಕಾವಲು ಬೇಕು, ಸುಂಕದ ಕಟ್ಟೆಯೂ ಬೇಕು. ನೀವು ಚಿತ್ರದಲ್ಲಿ ಕಂಡ ಕೋಟೆ, ಅಂದರೆ ತುಸ್ತಾನ್, ಎರಡೂ ಆಗಿತ್ತು. ಸುಂಕ ಬರುವ ಕಡೆ ಊರು ಎಷ್ಟು ಸಣ್ಣದು ಎಂದು ಯಾವ ದೊರೆಯೂ ಕೇಳುವುದಿಲ್ಲ!

ಇನ್ನು ನಿಮ್ಮ ಅನುಮಾನಕ್ಕೆ ಬರುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸಿ ನಿವೃತ್ತನಾದವನು ನಾನು. ಕಂಪ್ಯೂಟರಿನಲ್ಲಿ ಬಿಡಿಸಿದ ಹಳೆಯ ಕೋಟೆಗಳನ್ನು ಕಂಡರೆ ನನಗೂ ಅನುಮಾನವೇ ಮೊದಲು. ಆದರೆ ಇಲ್ಲಿ ಬಂಡೆಯೇ ನಕ್ಷೆಯನ್ನು ಉಳಿಸಿಕೊಂಡಿದೆ. ಸುಮಾರು 50 ಮೀಟರ್ ಎತ್ತರದ ಮರಳುಗಲ್ಲಿನ ಮೇಲೆ ಸುಮಾರು 4,000 ಕಚ್ಚುಗಳಿವೆ. ಅವೆಲ್ಲ ಉಳಿಯಿಂದ ಕೆತ್ತಿದವು, ಮಳೆ ಕೊರೆದವಲ್ಲ. 1971ರಿಂದ ಮಿಖೈಲೊ ರೋಜ್ಕೊ ಎಂಬ ವಾಸ್ತುಶಿಲ್ಪಿ ಈ ಕಚ್ಚುಗಳನ್ನು ಅಳೆಯುತ್ತ ಹೋದರು. 2004ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಅದೇ ಕೆಲಸ.

ಬಡಗಿಯ ಕಣ್ಣಿನಿಂದ ನೋಡಿದರೆ ಇದರ ಜಾಣ್ಮೆ ತಿಳಿಯುತ್ತದೆ. ಅಡ್ಡಲಾಗಿ ಕೆತ್ತಿದ ತೋಡು ಇದ್ದರೆ ಅಲ್ಲಿ ಗೋಡೆಯ ಬುಡದ ದಿಮ್ಮಿ ಕುಳಿತಿತ್ತು. ಒಂದರ ಮೇಲೊಂದು ಪೇರಿಸಿದ ದಿಮ್ಮಿಗಳ ತುದಿಗಳನ್ನು ನೆಟ್ಟನೆಯ ತೋಡಿನಲ್ಲಿ ಸೇರಿಸುತ್ತಿದ್ದರು. ಅದರ ಅಗಲ ದಿಮ್ಮಿಯ ದಪ್ಪವನ್ನು ಹೇಳುತ್ತದೆ, ಉದ್ದ ಗೋಡೆಯ ಎತ್ತರವನ್ನು. ಕೆಲವು ಕಡೆ ಗೋಡೆ 15 ಮೀಟರಿನಷ್ಟು ಎದ್ದಿತ್ತು. ಓರೆಯಾದ ತೋಡು ಚಾವಣಿಯ ಇಳಿಜಾರಿನದು. ಒಂದು ತೋಡು ಇನ್ನೊಂದನ್ನು ಕತ್ತರಿಸಿಕೊಂಡು ಹೋಗಿದ್ದರೆ, ಕತ್ತರಿಸಿದ್ದು ಆಮೇಲಿನದು. ಇಂಥ ಗುರುತುಗಳನ್ನೂ ಉತ್ಖನನದಲ್ಲಿ ಸಿಕ್ಕ ವಸ್ತುಗಳನ್ನೂ ಜೊತೆಗಿಟ್ಟುಕೊಂಡು, 9ರಿಂದ 16ನೇ ಶತಮಾನದವರೆಗೆ ಬಾಳಿದ ಈ ಕೋಟೆಯನ್ನು ಐದು ಹಂತಗಳಲ್ಲಿ ಕಟ್ಟಿದ್ದರು ಎಂದು ರೋಜ್ಕೊ ಗುರುತಿಸಿದರು. ಈ ಶತಮಾನಗಳಲ್ಲಿ ಆಳುವವರೂ ಬದಲಾದರು. ಕೀವ್‌ನ ದೊರೆಗಳ ಕಾಲ ಮುಗಿದು, ಈಗಿನ ಪಶ್ಚಿಮ ಉಕ್ರೇನಿನಲ್ಲಿದ್ದ ಗಲೀಚ್ ರಾಜ್ಯದ ರಾಜರು ಬಂದರು. 14ನೇ ಶತಮಾನದಲ್ಲಿ ಕೋಟೆ ಪೋಲೆಂಡಿನ ದೊರೆ ಮೂರನೇ ಕಾಸಿಮಿರನ ಕೈ ಸೇರಿತು. ಆ ಶತಮಾನದ ಪೋಲಿಷ್ ಚರಿತ್ರೆಕಾರ ಯಾಂಕೊ ತುಸ್ತಾನಿನ ಹೆಸರನ್ನು ಬರೆದಿಟ್ಟಿದ್ದಾನೆ.

ಹಾಗೆಂದು ಚಿತ್ರದಲ್ಲಿರುವ ಎಲ್ಲವನ್ನೂ ನಂಬಬೇಡಿ. ಮರ ಬಂಡೆಗೆ ತಾಗುವ ಕಡೆ ಸಾಕ್ಷಿ ಗಟ್ಟಿಯಾಗಿದೆ. ಬಂಡೆಯಿಂದ ದೂರ ಸರಿದಷ್ಟೂ ಊಹೆಯ ಪಾಲು ಹೆಚ್ಚುತ್ತದೆ. ಬಾಗಿಲಿನ ಕೆತ್ತನೆ, ಕಿಟಕಿಯ ಆಕಾರ, ಅಂಗಳದಲ್ಲಿ ಓಡಾಡುವ ಕುದುರೆಗಳು — ಇವುಗಳಿಗೆ ಯಾವ ಕಚ್ಚೂ ಜವಾಬ್ದಾರಿ ಹೊರುವುದಿಲ್ಲ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಗಳು ನಕ್ಷೆಯಲ್ಲಿ ಅಳೆದ ಗೆರೆಯನ್ನು ತುಂಬುಗೆರೆಯಾಗಿಯೂ ಊಹಿಸಿದ್ದನ್ನು ಚುಕ್ಕಿಗೆರೆಯಾಗಿಯೂ ಬರೆಯದಿದ್ದರೆ ಹಾಳೆಯನ್ನು ಹಿಂದಿರುಗಿಸುತ್ತಿದ್ದೆ. ಬಣ್ಣದ ಚಿತ್ರಗಳಿಗೂ ಅಂಥದ್ದೊಂದು ನಿಯಮ ಇರಬೇಕಿತ್ತು.