ಆಲ್ದೂರಿನಿಂದ ಒಂಟಾರಿಯೊಗೆ ಹೊರಟ ತಮ್ಮನಿಗೆ: ಹಿಂಜ್ ಟೆಂಪ್ಲೇಟ್ ಯಾವುದು ಸಾಕು?

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಆಲ್ದೂರಿನಲ್ಲಿ ಅಪ್ಪನ ಜೊತೆ ಮರಗೆಲಸ ಮಾಡಿಕೊಂಡಿದ್ದೀಯ. ಪಿಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಕೈಗೆ ಬಂದಿದೆ, ಮುಂದಿನ ತಿಂಗಳು ಕೆನಡಾಕ್ಕೆ ಹೊರಡುತ್ತೀಯ. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಕಿಚನರ್ ಊರಲ್ಲಿ ಹಳೆ ಮನೆಗಳನ್ನು ರಿಪೇರಿ ಮಾಡುವ ಒಬ್ಬ ಕಂಟ್ರಾಕ್ಟರ್ ಫೋನಿನಲ್ಲಿ ಮಾತಾಡಿ, ಬಾಗಿಲು ಕೂರಿಸೋದು ಬರುತ್ತಾ, ಹಿಂಜ್ ಕೂರಲು ಮರದಲ್ಲಿ ಕಚ್ಚು (ತಗ್ಗು) ತೆಗೆಯುವ ರೂಟರ್ ಟೆಂಪ್ಲೇಟ್ ನಿನ್ನ ಹತ್ತಿರ ಇದೆಯಾ ಅಂತ ಕೇಳಿದ್ದಾರೆ. ರೂಟರ್ ಅಂದರೆ ಬಿಟ್ ಎಂಬ ಅಲಗನ್ನು ತಿರುಗಿಸಿ ಮರ ಕಡಿಯುವ ಕರೆಂಟಿನ ಯಂತ್ರ, ಟೆಂಪ್ಲೇಟ್ ಅಂದರೆ ಅದು ಅಳತೆ ಮೀರದಂತೆ ಹಿಡಿಯುವ ಕಿಂಡಿಯ ಅಚ್ಚು. ನೀನು ಉಳಿ, ಕೊಡತಿ ಹಿಡಿದು ಬೆಳೆದವನು. ಯಾವ ಕಿಟ್ ಕೊಳ್ಳಲಿ, ಬೆಂಗಳೂರಲ್ಲೇ ತಗೊಂಡು ಬರಲಾ, ರೂಟರನ್ನೂ ತರಲಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ.

ನಾನು ಸಕಲೇಶಪುರದ ಕಡೆಯವನು. ಇಲ್ಲಿ ಒಂಟಾರಿಯೊಗೆ ಬಂದು ಬಹಳ ವರ್ಷವಾಯಿತು. ಬಾಗಿಲು, ಕಿಟಕಿ, ಅಂಚುಪಟ್ಟಿ ಕೆಲಸದಲ್ಲೇ ನನ್ನ ಸಂಸಾರ ನಡೆದಿದೆ. ಆದ್ದರಿಂದ ಗೊತ್ತಿರುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಮಾತು: ಊರಲ್ಲಿ ಏನೂ ಕೊಳ್ಳಬೇಡ. ಇಲ್ಲಿ ಮನೆಯ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಿನ್ನ 230 ವೋಲ್ಟಿನ ರೂಟರ್ ಇಲ್ಲಿ ಓಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಮನೆಮನೆ ತಿರುಗುವುದು ಆಗದ ಮಾತು. ಅದೂ ಅಲ್ಲದೆ ಒಂಟಾರಿಯೊದಲ್ಲಿ ಕರೆಂಟಿನ ಸಾಮಾನಿಗೆ ಕೆನಡಾದಲ್ಲಿ ಒಪ್ಪುವ ಸುರಕ್ಷತೆಯ ಗುರುತು ಇರಬೇಕು. ಇನ್ನು ಊರಲ್ಲಿ ಸಿಗುವ ಟೆಂಪ್ಲೇಟುಗಳು ನಮ್ಮ 4 ಇಂಚು, 5 ಇಂಚಿನ ಚೌಕ ಮೂಲೆಯ ಹಿಂಜಿಗೆ ಮಾಡಿದವು. ಇಲ್ಲಿನ ಒಳಬಾಗಿಲಿಗೆ ಸಾಮಾನ್ಯವಾಗಿ ಬರುವುದು 3½ ಇಂಚಿನ ಹಿಂಜ್. ಉಳಿಗಳನ್ನು ಮಾತ್ರ ಖಂಡಿತ ತಾ. ಅಪ್ಪ ಮಸೆದುಕೊಟ್ಟ ಉಳಿಯಂಥದ್ದು ಇಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಬಾಯಿಗೆ ಗಟ್ಟಿ ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲಿ ಹಾಕು. ಕೈಚೀಲದಲ್ಲಿ ಬಿಡುವುದಿಲ್ಲ.

ಈಗ ಕಿಟ್ ವಿಷಯ. ಅಂಗಡಿಗೆ ಹೋದರೆ ಎರಡು ಜಾತಿ ಕಾಣುತ್ತವೆ. ಒಂದು, ಉದ್ದನೆಯ ಸರಳುಗಳಿಗೆ ಮೂರು ಟೆಂಪ್ಲೇಟ್ ಪೋಣಿಸಿರುವ ದೊಡ್ಡ ಕಿಟ್. ಪೋರ್ಟರ್-ಕೇಬಲ್, ಬಾಷ್ ಹೆಸರಲ್ಲಿ ಇಂಥವು ಪ್ರಸಿದ್ಧ. ಬಾಗಿಲಿನ ಅಂಚಿಗೆ ಒಮ್ಮೆ ಕೂರಿಸಿದರೆ ಮೂರೂ ಹಿಂಜಿನ ಜಾಗ ಸಿದ್ಧ. ಅದನ್ನೇ ತೆಗೆದು ಚೌಕಟ್ಟಿಗೆ ಇಟ್ಟರೆ ಅಲ್ಲೂ ಅದೇ ಅಳತೆ. ಇನ್ನೊಂದು, ಒಂದೇ ಹಿಂಜಿನ ಒಂಟಿ ಟೆಂಪ್ಲೇಟ್. ಬೆಲೆಯಲ್ಲಿ ಇವೆರಡಕ್ಕೂ ತುಂಬಾ ದೂರ.

ದೊಡ್ಡದನ್ನು ನೋಡಿದರೆ ಕೆಲಸಗಾರನಿಗೆ ಆಸೆಯಾಗುತ್ತದೆ. ಆದರೂ ನೀನು ಒಂಟಿಯದನ್ನೇ ತಗೋ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರಣ ಇಲ್ಲಿನ ಮನೆ ಕಟ್ಟುವ ರೀತಿಯಲ್ಲಿದೆ. ನಮ್ಮಲ್ಲಿ ಮೊದಲು ಬಾಗಿಲುವಾಡ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಸುತ್ತ ಗೋಡೆ ಎಬ್ಬಿಸುತ್ತಾರೆ. ಬಾಗಿಲನ್ನು ಬಡಗಿ ಆಮೇಲೆ ಅಳೆದು ಮಾಡುತ್ತಾನೆ. ಇಲ್ಲಿ ಹೊಸ ಮನೆಗೆ ಬಾಗಿಲು, ಚೌಕಟ್ಟು, ಹಿಂಜ್ ಮೂರೂ ಸೇರಿಕೊಂಡೇ ಫ್ಯಾಕ್ಟರಿಯಿಂದ ಲಾರಿಯಲ್ಲಿ ಬರುತ್ತವೆ. ಗೋಡೆಯಲ್ಲಿ ಬಿಟ್ಟ ಜಾಗಕ್ಕೆ ನಿಲ್ಲಿಸಿ, ಸಂದಿಗೆ ಮರದ ಚಕ್ಕೆ ಕೊಟ್ಟು, ಮೊಳೆ ಹೊಡೆದರೆ ಮುಗಿಯಿತು. ಅಲ್ಲಿ ಕಚ್ಚು ತೆಗೆಯುವ ಕೆಲಸವೇ ಇಲ್ಲ. ಟೆಂಪ್ಲೇಟ್ ಬೇಕಾಗುವುದು ಹಳೆ ಮನೆಯಲ್ಲಿ, ಹಳೆ ಚೌಕಟ್ಟು ಹಾಗೇ ಇಟ್ಟು ಬಾಗಿಲು ಮಾತ್ರ ಬದಲಾಯಿಸುವಾಗ. ಹಳೆ ಚೌಕಟ್ಟಿನಲ್ಲಿ ಹಿಂಜಿನ ಜಾಗ ಒಂದೊಂದು ಮನೆಗೆ ಒಂದೊಂದು ಥರ ಇರುತ್ತದೆ. ಮೇಲಿನಿಂದ 7 ಇಂಚು, ಕೆಳಗಿನಿಂದ 11 ಇಂಚು ಎನ್ನುವ ರೂಢಿ ಇದೆ ನಿಜ, ಆದರೆ ಹಳೆ ಕಾಲದವರು ಎಲ್ಲರೂ ಅದನ್ನು ಪಾಲಿಸಿಲ್ಲ. ಸರಳಿನ ಕಿಟ್ಟನ್ನು ಪ್ರತಿ ಬಾಗಿಲಿಗೂ ಹೊಸದಾಗಿ ಹೊಂದಿಸುತ್ತಾ ಕೂತರೆ ಅದರ ಲಾಭವೇ ಹೋಯಿತು. ಒಂದೇ ಅಳತೆಯ ಬಾಗಿಲನ್ನು ಸಾಲಾಗಿ ಕೂರಿಸುವ ಕೆಲಸ ಬಂದಾಗ ದೊಡ್ಡ ಕಿಟ್ ದುಡ್ಡು ದುಡಿಯುತ್ತದೆ. ಆಗ ಕೊಂಡುಕೋ.

ಒಂಟಿ ಟೆಂಪ್ಲೇಟಿನ ಜೊತೆ ಒಂದು ಅಳತೆ ರೀಪು ಸಾಕು. ರೀಪಿನ ತುದಿಯನ್ನು ಚೌಕಟ್ಟಿನ ಮೇಲ್ಪಟ್ಟಿಗೆ ತಾಗಿಸಿ ಹಿಡಿ, ಮೂರೂ ಹಿಂಜಿನ ಗುರುತು ಹಾಕಿಕೋ. ಅದೇ ರೀಪನ್ನು ಹೊಸ ಬಾಗಿಲ ಮೇಲೆ ಇಡುವಾಗ ತುದಿಯನ್ನು ಬಾಗಿಲ ಮೇಲಂಚಿನಿಂದ ಒಂದು ನೂಲು ಆಚೆಗೆ ಚಾಚಿಸು. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, ನಿನಗೆ ಹೇಳಬೇಕಿಲ್ಲ. ಅದೇ ಮೇಲಿನ ಸಂದಿ. ಕೆನಡಾ ಕಿಲೋಮೀಟರ್ ದೇಶವಾದರೂ ಮರಗೆಲಸವೆಲ್ಲ ಇಂಚಿನಲ್ಲೇ ನಡೆಯುತ್ತದೆ. ನಿಮ್ಮಪ್ಪ ಕಲಿಸಿದ ನೂಲಿನ ಲೆಕ್ಕ ಇಲ್ಲಿ ದಿನಾ ಬಳಕೆಗೆ ಬರುತ್ತದೆ.

ಕೊಳ್ಳುವಾಗ ನೋಡಬೇಕಾದ ದೊಡ್ಡ ವಿಷಯ ಹಿಂಜಿನ ಮೂಲೆ. ಇಲ್ಲಿ ಮೂರು ಥರ ಬರುತ್ತವೆ. ಚೌಕ ಮೂಲೆ, ಎರಡು ನೂಲು ತ್ರಿಜ್ಯದ ಸಣ್ಣ ದುಂಡು, ಐದು ನೂಲು ತ್ರಿಜ್ಯದ ದೊಡ್ಡ ದುಂಡು. ಹಳೆ ಮನೆಯಲ್ಲಿ ಚೌಕ ಜಾಸ್ತಿ, ಹೊಸದರಲ್ಲಿ ದುಂಡು ಜಾಸ್ತಿ. ಅರ್ಧ ಇಂಚಿನ ಬಿಟ್ ಹಾಕಿ ಚೌಕ ಮೂಲೆಯ ಟೆಂಪ್ಲೇಟಿನಲ್ಲಿ ಓಡಿಸಿದರೆ ಕಚ್ಚಿನ ಮೂಲೆ ತಾನಾಗೇ ಎರಡು ನೂಲಿನ ದುಂಡಾಗುತ್ತದೆ. ಸಣ್ಣ ದುಂಡಿನ ಹಿಂಜ್ ಅದರಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಚೌಕ ಹಿಂಜ್ ಆದರೆ ಆ ಮೂಲೆಯನ್ನು ಉಳಿಯಲ್ಲಿ ಬಿಡಿಸಬೇಕು. ಅದು ನಿನಗೆ ಕಣ್ಮುಚ್ಚಿ ಮಾಡುವ ಕೆಲಸ. ಐದು ನೂಲಿನ ಹಿಂಜಿಗೆ ಮಾತ್ರ ಬೇರೆ ಟೆಂಪ್ಲೇಟೇ ಬೇಕು. ಇಲ್ಲದಿದ್ದರೆ ಮೂಲೆಯಲ್ಲಿ ಅರ್ಧಚಂದ್ರದ ಥರ ಸಂದಿ ಉಳಿದು ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಮೂಲೆಯ ತುಂಡನ್ನು ಬದಲಾಯಿಸಬಹುದಾದ ಟೆಂಪ್ಲೇಟ್ ಸಿಕ್ಕರೆ ಅದನ್ನು ಆರಿಸು.

ಮುಂದಿನದು, ಆ ಟೆಂಪ್ಲೇಟ್ ಗೈಡ್ ಬುಷ್‌ಗೆ (ರೂಟರಿನ ತಳದಲ್ಲಿ ಬಿಟ್ ಸುತ್ತ ಕೂರುವ ಲೋಹದ ಬಳೆ) ಮಾಡಿದ್ದೋ, ಬೇರಿಂಗ್ ಬಿಟ್‌ಗೆ (ಅಲಗಿನ ಮೇಲೆ ತಿರುಗುವ ಬೇರಿಂಗ್ ಇರುವ ಬಿಟ್) ಮಾಡಿದ್ದೋ ನೋಡು. ಎರಡೂ ಒಂದೇ ಎಂದು ತಿಳಿಯಬೇಡ. ಬೇರಿಂಗ್ ಮತ್ತು ಬಿಟ್ ಒಂದೇ ದಪ್ಪ ಇರುವುದರಿಂದ ಟೆಂಪ್ಲೇಟಿನ ಕಿಂಡಿ ಎಷ್ಟೋ ಕಚ್ಚೂ ಅಷ್ಟೇ. ಬುಷ್ ಆದರೆ ಬಿಟ್ಟಿಗಿಂತ ದಪ್ಪ. ಐದು ನೂಲಿನ ಬುಷ್, ನಾಲ್ಕು ನೂಲಿನ ಬಿಟ್ ಅಂದರೆ ಒಂದೊಂದು ಬದಿಗೆ ಅರ್ಧ ನೂಲು ಒಳಗೆ ಕಡಿಯುತ್ತದೆ. ಕಿಂಡಿ ಉದ್ದದಲ್ಲಿ ಹಿಂಜಿಗಿಂತ ಒಂದು ನೂಲು ದೊಡ್ಡದಿರಬೇಕು. ಒಂದಕ್ಕೆ ಮಾಡಿದ್ದರಲ್ಲಿ ಇನ್ನೊಂದನ್ನು ಓಡಿಸಿದರೆ ಹೊಸ ಬಾಗಿಲು ಕೆಟ್ಟಿತು ಎಂದೇ ಲೆಕ್ಕ. ಬೇರಿಂಗ್ ಬಿಟ್ ತಗೊಂಡರೆ ಅಲಗು ಗಿಡ್ಡ ಇರುವುದನ್ನೇ ನೋಡು. ಹಿಂಜಿನ ಕಚ್ಚಿನ ಆಳ 2 ಮಿಲಿಮೀಟರಿನ ಆಸುಪಾಸು ಅಷ್ಟೇ. ಅಲಗು ಉದ್ದ ಇದ್ದು ಟೆಂಪ್ಲೇಟ್ ತೆಳುವಾದರೆ ಬೇರಿಂಗ್ ಟೆಂಪ್ಲೇಟಿಗೆ ತಾಗುವುದೇ ಇಲ್ಲ, ಬಿಟ್ ಸೀದಾ ಟೆಂಪ್ಲೇಟನ್ನೇ ತಿನ್ನುತ್ತದೆ.

ದುಡ್ಡನ್ನು ಎಲ್ಲಿ ಹಾಕಬೇಕು ಅಂದರೆ ರೂಟರಿಗೆ ಹಾಕು. ಒಂದು ಕೈಯಲ್ಲಿ ಹಿಡಿಯುವ ಸಣ್ಣ ರೂಟರ್, ಕಾಲು ಇಂಚಿನ ಕಾಲೆಟ್ (ಬಿಟ್ ಹಿಡಿಯುವ ಬಾಯಿ) ಇರುವುದು, ಹಿಂಜಿಗೆ ಧಾರಾಳ. ಮಕಿಟಾ, ಡಿವಾಲ್ಟ್, ಬಾಷ್ ಮೂವರೂ ಮಾಡುತ್ತಾರೆ. ಆಳ ಹೊಂದಿಸುವ ತಿರುಪು ನಯವಾಗಿ ತಿರುಗಬೇಕು, ಬಿಗಿ ಮಾಡಿದ ಮೇಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಬುಷ್ ಬಳಸುವುದಾದರೆ ಅದರ ತಳಪಟ್ಟಿಗೆ ಇಲ್ಲಿ ಎಲ್ಲ ಕಡೆ ಸಿಗುವ 1³⁄₁₆ ಇಂಚಿನ ಬುಷ್ ಕೂರುತ್ತದಾ ಎಂದು ಅಂಗಡಿಯಲ್ಲೇ ಕೇಳು.

ನಿಜ ಹೇಳಬೇಕೆಂದರೆ ನಿನ್ನಂಥ ಕೈಕೆಲಸ ಗೊತ್ತಿರುವವನು ಟೆಂಪ್ಲೇಟನ್ನು ಕೊಳ್ಳಲೇಬೇಕಿಲ್ಲ. ಅರ್ಧ ಇಂಚಿನ ಒಳ್ಳೆ ಪ್ಲೈವುಡ್ ಸಾಕು. ಒಳಬಾಗಿಲಿನ ದಪ್ಪ ಇಲ್ಲಿ 1 ಇಂಚು 3 ನೂಲು. ಹಿಂಜಿನ ಹಿಂದೆ ಎರಡು ನೂಲು ಮರ ಬಿಡುವುದು ಪದ್ಧತಿ. ಅಂದರೆ ಕಚ್ಚಿನ ಅಗಲ 1 ಇಂಚು 1 ನೂಲು. ಬುಷ್‌ಗೆ ಮಾಡುವುದಾದರೆ ಅದಕ್ಕೆ ಅರ್ಧ ನೂಲು ಸೇರಿಸು. ಪ್ಲೈವುಡ್ಡಿನ ಅಂಚಿನಿಂದ ಒಳಕ್ಕೆ ಮೂರು ಬದಿಯ ಕಿಂಡಿ ಕೊಯ್ದು, ಬಾಗಿಲ ಮೈಗೆ ಒತ್ತಿ ನಿಲ್ಲಲು ಕೆಳಗೊಂದು ರೀಪು ಹೊಡೆ. ಕಡಿಯುವಾಗ ಬಿಟ್ ಆ ರೀಪಿಗೂ ಸ್ವಲ್ಪ ತಾಗುತ್ತದೆ. ತಾಗಲಿ ಬಿಡು, ಬಾಗಿಲಿನ ಅಂಚು ಸಿಗಿಯದ ಹಾಗೆ ಅದೇ ಕಾಯುತ್ತದೆ. ಹೊರಡುವ ಮುಂಚೆ ನಿಮ್ಮ ಶೆಡ್ಡಿನಲ್ಲೇ ಸಿಲ್ವರ್ ಓಕ್ ತುಂಡುಗಳ ಮೇಲೆ ಇದನ್ನು ಮಾಡಿ ನೋಡು. ಅಲ್ಲಿರುವ ರೂಟರ್ ಯಾವುದಾದರೂ ನಡೆಯುತ್ತದೆ. ಕಿಂಡಿಯೊಳಗೆ ಎಡದಿಂದ ಬಲಕ್ಕೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಓಡಿಸುವ ಅಭ್ಯಾಸ ಕೈಗೆ ಕೂರಬೇಕು. ಚೌಕಟ್ಟಿನಲ್ಲಿ ಕಚ್ಚು ತೆಗೆಯಬೇಕಾಗಿ ಬಂದರೆ ಬಾಗಿಲು ತಡೆಯುವ ಪಟ್ಟಿಯಿಂದ ಎರಡೂವರೆ ನೂಲು ಬಿಡು. ಆ ಅರ್ಧ ನೂಲು ಜಾಸ್ತಿ ಇರದಿದ್ದರೆ ಬಾಗಿಲು ಪಟ್ಟಿಗೆ ಒತ್ತಿ ಮುಚ್ಚಲು ಹಟ ಮಾಡುತ್ತದೆ.

ಆಳ ಹೊಂದಿಸುವಾಗ ಅವಸರ ಬೇಡ. ಮೊದಲು ಒಂದು ಚೂರು ಮರದಲ್ಲಿ ಕಡಿದು, ಹಿಂಜ್ ಇಟ್ಟು ಬೆರಳು ಸವರು. ಮರ, ಲೋಹ ಒಂದೇ ಸಮ ಇರಬೇಕು. ಆಳ ಜಾಸ್ತಿಯಾದರೆ ಹಿಂಜಿನ ಬದಿ ಬಿಗಿಯಾಗಿ ಬಾಗಿಲು ಹಿಂದಕ್ಕೆ ಚಿಮ್ಮುತ್ತದೆ. ಆಗ ಹಿಂಜಿನ ಕೆಳಗೆ ತೆಳು ರಟ್ಟು ಕೊಟ್ಟು ಸರಿ ಮಾಡಬಹುದು. ಆಳ ಕಮ್ಮಿಯಾದರೆ ಆ ಬದಿಯ ಸಂದಿ ಅಗಲವಾಗಿ, ಬೀಗದ ಬದಿ ಉಜ್ಜುತ್ತದೆ.

ಇಲ್ಲಿನ ಬಾಗಿಲು ನಮ್ಮ ಹೊನ್ನೆ, ಹಲಸಿನ ಬಾಗಿಲಲ್ಲ ಎನ್ನುವುದು ನೆನಪಿರಲಿ. ಎಷ್ಟೋ ಒಳಬಾಗಿಲುಗಳು ಒಳಗೆ ಪೊಳ್ಳು. ಗಟ್ಟಿ ಮರ ಇರುವುದು ಅಂಚಿನ ಪಟ್ಟಿಯಲ್ಲಿ ಮಾತ್ರ. ಹತ್ತರಿ ಹೊಡೆಯುವಾಗ ಹುಷಾರು. ಚೌಕಟ್ಟೂ ಒಂದು ಇಂಚಿಗಿಂತ ತೆಳುವಾದ ಮೆದು ಮರ. ಅದಕ್ಕೇ ಮೇಲಿನ ಹಿಂಜಿನ ಒಂದು ಸ್ಕ್ರೂ 3 ಇಂಚಿನದ್ದು ಹಾಕಿ ಗೋಡೆಯೊಳಗಿನ ಕಂಬಕ್ಕೆ ಹಿಡಿಸಬೇಕು. ಇಲ್ಲದಿದ್ದರೆ ಭಾರದ ಬಾಗಿಲು ಕೆಲವೇ ದಿನದಲ್ಲಿ ಜೋತು ಬೀಳುತ್ತದೆ. ಮಲೆನಾಡಿನಲ್ಲಿ ಆಷಾಢದ ಮಳೆಗೆ ಬಾಗಿಲು ಉಬ್ಬುತ್ತದಲ್ವಾ, ಇಲ್ಲಿ ಬೇಸಿಗೆಯ ಸೆಕೆಗೆ ಉಬ್ಬಿ, ಚಳಿಗಾಲದಲ್ಲಿ ಹೀಟರ್ ಒಣಗಾಳಿಗೆ ಕುಗ್ಗುತ್ತದೆ. ಜನವರಿಯಲ್ಲಿ ತೀರಾ ಬಿಗಿಯಾಗಿ ಕೂರಿಸಿದ ಬಾಗಿಲು ಜುಲೈನಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತ ಒಂದು ನೂಲಿನ ಸಂದಿ ಬಿಟ್ಟುಬಿಡು.

ಬದುಕು ಹೇಗೆ ಅಂದೆಯಲ್ಲ. ಕೂಲಿ ಗಂಟೆಗೆ ಲೆಕ್ಕ. ಮನೆಯವರು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಮರಕ್ಕಲ್ಲ, ನಿನ್ನ ಸಮಯಕ್ಕೆ. ಉಳಿಯಲ್ಲಿ ಚೆಂದವಾಗಿ ಕಚ್ಚು ತೆಗೆಯುತ್ತೀಯ ಎಂದು ನನಗೆ ಗೊತ್ತು. ಆದರೂ ಆ ಕಂಟ್ರಾಕ್ಟರ್ ಟೆಂಪ್ಲೇಟ್ ಕೇಳಿದ್ದು ಇದೇ ಕಾರಣಕ್ಕೆ, ಸಮಯ ಉಳಿಯಲಿ ಅಂತ. ಅದರಲ್ಲಿ ಬೇಸರಪಡುವುದು ಏನೂ ಇಲ್ಲ. ಕೈಕೆಲಸಕ್ಕೆ ಇಲ್ಲಿ ಮರ್ಯಾದೆ ಇದೆ. ಬಡಗಿ ಎಂದು ಯಾರೂ ಕೀಳಾಗಿ ನೋಡುವುದಿಲ್ಲ, ಮನೆ ಯಜಮಾನನೂ ನಿನ್ನ ಜೊತೆ ಕಾಫಿ ಕುಡಿಯುತ್ತಾನೆ. ಆ ಕಾಫಿ ನಮ್ಮದರ ಹತ್ತಿರಕ್ಕೂ ಬರುವುದಿಲ್ಲ, ಪುಡಿ ತಂದುಕೋ. ಮೊದಲ ಚಳಿಗಾಲ ಕಷ್ಟ. ಸಂಜೆ ಐದಕ್ಕೆಲ್ಲ ಕತ್ತಲಾಗುವಾಗ ಮನೆ ನೆನಪು ಜಾಸ್ತಿ ಕಾಡುತ್ತದೆ. ಟೊರಾಂಟೊದಲ್ಲಿ ಕನ್ನಡ ಸಂಘ ಇದೆ. ಶುರುವಿನಿಂದಲೇ ಹೋಗಿ ಬಂದು ಮಾಡು.

ಒಂಟಾರಿಯೊದಲ್ಲಿ ಸಾಮಾನ್ಯ ಬಡಗಿ ಕೆಲಸಕ್ಕೆ ಸರ್ಟಿಫಿಕೇಟ್ ಕಡ್ಡಾಯವಲ್ಲ. ಆದರೆ ಇದ್ದರೆ ಕೂಲಿ ಬೇರೆ, ಬೇರೆ ಪ್ರಾಂತ್ಯಕ್ಕೂ ನಡೆಯುತ್ತದೆ. ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಎಂಬ ಸಂಸ್ಥೆ ನಿನ್ನ ಹಳೆ ಅನುಭವವನ್ನು ಪರಿಶೀಲಿಸಿ ಪರೀಕ್ಷೆಗೆ ಕೂರಲು ಬಿಡುತ್ತದೆ. ಅದಕ್ಕೆ ಕಾಗದ ಬೇಕು. ನೀನು ಕೆಲಸ ಮಾಡಿದ ಹೋಂಸ್ಟೇ, ತೋಟದ ಬಂಗಲೆ, ಚಿಕ್ಕಮಗಳೂರಿನ ಕಂಟ್ರಾಕ್ಟರು, ಎಲ್ಲರಿಂದಲೂ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಏನು ಕೆಲಸ ಎಂದು ಬರೆಸಿ ಸಹಿ ಹಾಕಿಸಿಕೋ. ಇಲ್ಲಿಗೆ ಬಂದ ಮೇಲೆ ಅವರನ್ನು ಹಿಡಿಯುವುದು ಬಹಳ ಕಷ್ಟ. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಮರೆಯದೆ ತಾ. ಊರಿನ ಲೈಸೆನ್ಸ್ ಇಲ್ಲಿ ನೆಲೆಸಲು ಬಂದವರಿಗೆ 60 ದಿನ ನಡೆಯುತ್ತದೆ. ಗಾಡಿ ಇಲ್ಲದ ಬಡಗಿಗೆ ಇಲ್ಲಿ ಕೆಲಸ ಸಿಗುವುದು ಕಷ್ಟ, ಸಾಮಾನು ಹೊತ್ತು ಬಸ್ಸಿನಲ್ಲಿ ಎಷ್ಟು ದಿನ ಓಡಾಡುತ್ತೀಯ?

ಕಿವಿಗೆ, ಕಣ್ಣಿಗೆ, ಮೂಗಿಗೆ ರಕ್ಷಣೆ ಇಲ್ಲದೆ ರೂಟರ್ ಹಿಡಿಯಬೇಡ. ಊರಲ್ಲಿ ಟವಲ್ ಸುತ್ತಿಕೊಳ್ಳುತ್ತೇವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ದೂಳಿಗೆ ಟವಲ್ ಸಾಲದು.

ಈಗ ಒಂದು ಕೆಲಸ ಮಾಡು. ಆ ಕಂಟ್ರಾಕ್ಟರಿಗೆ ಮೆಸೇಜ್ ಹಾಕಿ, ಮೊದಲು ಸಿಗುವ ಮನೆಯ ಹಿಂಜಿನ ಫೋಟೊ ಟೇಪ್ ಪಕ್ಕ ಇಟ್ಟು ಕಳಿಸಲು ಕೇಳು. ಮೂಲೆ ಕಾಣುವ ಹಾಗಿರಲಿ. ಅದನ್ನು ನನಗೆ ಕಳಿಸಿದರೆ ಯಾವ ಬಿಟ್, ಯಾವ ಬುಷ್ ಎಂದು ನೋಡಿ ಹೇಳುತ್ತೇನೆ. ಕಿಚನರ್‌ಗೆ ಬಂದ ಮೇಲೆ ಅಂಗಡಿಗೆ ಬೇಕಾದರೆ ಜೊತೆಗೇ ಹೋಗೋಣ.