ಮೆಡಿಕಲ್ ಶಾಪಿನಲ್ಲಿ ಕಲಿತದ್ದು ಆಡಿಟರ್ ಕಚೇರಿಗೆ ಬೇಡವೇ?

ಪ್ರಶ್ನೆ: ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ. ಊರು ತಿಪಟೂರು, ಈಗ ವಿಜಯನಗರದ ಪಿ.ಜಿ.ಯಲ್ಲಿದ್ದೇನೆ. ಖರ್ಚು ತೂಗಿಸಲು ಸಂಜೆ ಐದರಿಂದ ಒಂಬತ್ತೂವರೆವರೆಗೆ ಮೆಡಿಕಲ್ ಶಾಪೊಂದರಲ್ಲಿ ಬಿಲ್ ಹಾಕುತ್ತೇನೆ, ಬಂದ ಮಾಲನ್ನು ಜೋಡಿಸುತ್ತೇನೆ. ಸಹಪಾಠಿಗಳೆಲ್ಲ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಕೋರ್ಸು, ಇಂಟರ್ನ್‌ಶಿಪ್ ಎಂದು ಓಡಾಡುತ್ತಿದ್ದಾರೆ. ನನಗೆ ಆಡಿಟರ್ ಕಚೇರಿ ಸೇರುವ ಆಸೆ. ಮೇಡಂ, ಈ ಕೆಲಸದಲ್ಲಿ ಕಳೆದ ಸಮಯ ದಂಡವಾಯಿತೇ? ಬಯೋಡೇಟಾದಲ್ಲಿ ಬರೆದರೆ ನಗುತ್ತಾರೆಯೇ?

ಉತ್ತರ: ಯಾರೂ ನಗುವುದಿಲ್ಲ. ಆದರೆ ‘ಮೆಡಿಕಲ್ ಶಾಪಿನಲ್ಲಿ ಸಹಾಯಕಿ’ ಎಂದಷ್ಟೇ ಬರೆದು ಬಿಟ್ಟರೆ ಯಾರೂ ಅದರ ಮೇಲೆ ಕಣ್ಣು ನಿಲ್ಲಿಸುವುದೂ ಇಲ್ಲ. ಅಂಗಡಿಯ ಹೆಸರಿಗಿಂತ ಅಲ್ಲಿ ನಿಮ್ಮ ಕೈಯಿಂದ ಏನೇನು ಹಾದುಹೋಯಿತು ಎಂಬುದು ಮುಖ್ಯ. ವಾಣಿಜ್ಯ ಓದುವವರಿಗೆ ಔಷಧಿ ಅಂಗಡಿಯಷ್ಟು ಲೆಕ್ಕ ಕಲಿಸುವ ಅಂಗಡಿ ಬೇರೆ ಸಿಗುವುದು ಕಷ್ಟ ಎಂದು ನಾನು ನಂಬಿದ್ದೇನೆ.

ಒಂದು ಮಾತ್ರೆಯ ಸ್ಟ್ರಿಪ್ ತೆಗೆದುಕೊಳ್ಳಿ. ಅದರ ಮೇಲೆ ಬ್ಯಾಚ್ ನಂಬರ್ ಇದೆ, ಎಕ್ಸ್‌ಪೈರಿ ತಿಂಗಳಿದೆ, ಎಂಆರ್‌ಪಿ ಇದೆ. ಮೊದಲು ಅವಧಿ ಮುಗಿಯುವುದನ್ನು ಮುಂದಿಟ್ಟು ಮಾರುತ್ತೀರಿ. ಉಳಿದದ್ದನ್ನು ವಿತರಕರಿಗೆ ವಾಪಸ್ ಕಳಿಸುತ್ತೀರಿ, ಅವರು ಕ್ರೆಡಿಟ್ ನೋಟ್ ಕೊಡುತ್ತಾರೆ. ಆ ಮೊತ್ತ ಮುಂದಿನ ಬಿಲ್ಲಿನಲ್ಲಿ ಕಡಿತವಾಯಿತೇ ಎಂದು ಬೆನ್ನು ಹತ್ತದಿದ್ದರೆ ಮಾಲೀಕರ ದುಡ್ಡು ಹಾಗೆಯೇ ಮುಳುಗುತ್ತದೆ. ಆಡಿಟರ್ ಕಚೇರಿಗೆ ಹೊಸದಾಗಿ ಸೇರಿದವರ ಕೈಗೆ ಮೊದಲು ಬರುವುದೂ ಇಂಥ ಕೆಲಸವೇ: ಮಾಲಿಗೂ ಕಾಗದಕ್ಕೂ ತಾಳೆ ನೋಡುವುದು. 2025ರ ಸೆಪ್ಟೆಂಬರ್ 22ರಂದು ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಆಗ ನೀವು ಕೌಂಟರಿನಲ್ಲಿದ್ದಿರಾದರೆ, ಸ್ಟ್ರಿಪ್ ಮೇಲೆ ಹಳೆಯ ಎಂಆರ್‌ಪಿ, ಬಿಲ್ಲಿನಲ್ಲಿ ಹೊಸ ದರ ಇದ್ದದ್ದನ್ನು ಗಿರಾಕಿಗಳಿಗೆ ಬಿಡಿಸಿ ಹೇಳಿದ್ದೀರಿ. ಸಂದರ್ಶನದಲ್ಲಿ ಇದನ್ನು ಹೇಳಿ. ಪುಸ್ತಕದಲ್ಲಷ್ಟೇ ಜಿಎಸ್‌ಟಿ ಓದಿದವರ ಬಳಿ ಹೇಳಲು ಇಂಥದ್ದು ಇರುವುದಿಲ್ಲ.

ರಾತ್ರಿ ಗಲ್ಲಾ ಮುಚ್ಚುವ ಹೊತ್ತೂ ಹಾಗೆಯೇ. ನಗದು, ಯುಪಿಐ, ಕಾರ್ಡ್ ಮೂರೂ ದಿನದ ಬಿಲ್ಲುಗಳಲ್ಲಿ ಒತ್ತಿದ ಆಯಾ ಮೊತ್ತಕ್ಕೆ ಸರಿಹೊಂದಬೇಕು. ನಗದು ₹450 ಕಡಿಮೆ, ಯುಪಿಐ ಅಷ್ಟೇ ಹೆಚ್ಚು ಬಂತು ಎನ್ನಿ. ಮೊಬೈಲಿನಲ್ಲಿ ಬಂದ ಹಣವನ್ನು ನಗದು ಎಂದು ಯಾವುದೋ ಬಿಲ್ಲಿನಲ್ಲಿ ಒತ್ತಿರುತ್ತೀರಿ, ಒಂದೊಂದೇ ಬಿಲ್ಲು ತಿರುವಿ ಅದನ್ನು ಹುಡುಕುತ್ತೀರಿ. ‘ನೀವು ಹೇಗೆ ಕೆಲಸ ಮಾಡುತ್ತೀರಿ?’ ಎಂದು ಕೇಳಿದಾಗ ‘ನಾನು ಶ್ರಮಜೀವಿ’ ಎನ್ನುವ ಬದಲು ಆ ರಾತ್ರಿ ಏನು ಮಾಡಿದಿರಿ ಎಂಬುದನ್ನು ಹೇಳಿದರೆ ಎದುರಿಗಿರುವವರು ನೆಟ್ಟಗೆ ಕುಳಿತು ಕೇಳುತ್ತಾರೆ.

ನಿಮ್ಮ ಪಾಲಿಗೆ ಬರೀ ಬಿಲ್ಲಿಂಗ್ ಮಾತ್ರ ಬಂದಿದ್ದರೆ ಸುಮ್ಮನಿರಬೇಡಿ. ‘ಪರ್ಚೇಸ್ ಎಂಟ್ರಿ ನಾನು ಮಾಡಲೇ ಅಣ್ಣ?’ ಎಂದು ಮಾಲೀಕರನ್ನು ಕೇಳಿ. ಪ್ರತಿ ತಿಂಗಳ 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ವಿತರಕರು ಸಲ್ಲಿಸಿದ ಬಿಲ್ಲುಗಳೆಲ್ಲ ಅದರಲ್ಲಿರುತ್ತವೆ. ಅದನ್ನು ಅಂಗಡಿಯ ಖರೀದಿ ಲೆಕ್ಕದೊಂದಿಗೆ ಹೋಲಿಸಬೇಕು. ಯಾವುದೋ ಬಿಲ್ಲು ಅಲ್ಲಿ ಕಾಣದಿದ್ದರೆ ಅದರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ, ಕೈಗೆ ಬರುವುದಿಲ್ಲ. ಅಂಗಡಿಯ ಲೆಕ್ಕ ಬರೆಯುವವರು ಬಂದಾಗ ಅವರ ಪಕ್ಕ ಕುಳಿತು ಇದನ್ನೊಂದು ಸಲ ನೋಡಿ, ಮುಂದಿನ ತಿಂಗಳು ನೀವೇ ಮಾಡಿ ಅವರಿಗೆ ತೋರಿಸಿ. ಟ್ಯಾಲಿ ಬೇಕೇ ಬೇಕು, ರಜೆಯಲ್ಲಿ ಕಲಿಯಿರಿ. ಇಷ್ಟು ಕಣ್ಣಾರೆ ಕಂಡವರಿಗೆ ಅದು ಬೇಗ ತಲೆಗೆ ಹತ್ತುತ್ತದೆ.

ಬಯೋಡೇಟಾದಲ್ಲಿ ಮಾಡಿದ್ದನ್ನು ಮಾತ್ರ ಬರೆಯಿರಿ. ಔಷಧ ವಿತರಣೆ ನೋಂದಾಯಿತ ಫಾರ್ಮಾಸಿಸ್ಟರ ಹೊಣೆ, ಅದನ್ನು ನಿಮ್ಮ ಹೆಸರಿಗೆ ಹಾಕಿಕೊಳ್ಳಬೇಡಿ. ಗಿರಾಕಿಗಳ ಕಾಯಿಲೆ ಕಸಾಲೆಯ ಮಾತು ಸಂದರ್ಶನದಲ್ಲಿ ಎಂದೂ ಬೇಡ, ಅದು ನಿಮ್ಮದಲ್ಲ. ಇನ್ನೊಂದು, ನೇಮಕಾತಿ ಪತ್ರ ಕೇಳಿ ಪಡೆಯಿರಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಮಾಲೀಕರು ಅದನ್ನು ಲಿಖಿತವಾಗಿ ಕೊಡಬೇಕು. ಸಂಬಳ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಕೊಂಡರೆ ನಾಳೆ ಅನುಭವಕ್ಕೆ ಪುರಾವೆ ಹುಡುಕುವ ಪಾಡಿರುವುದಿಲ್ಲ.

ನಿಮ್ಮ ಆಸೆ ಸಿ.ಎ. ಆಗುವುದೇ ಆಗಿದ್ದರೆ ಲೆಕ್ಕ ಬೇರೆ. ಅದಕ್ಕೆ ಈಗಿನ ನಿಯಮದಂತೆ 2 ವರ್ಷದ ಆರ್ಟಿಕಲ್‌ಶಿಪ್ (ಸಿ.ಎ. ಒಬ್ಬರ ಕೈಕೆಳಗಿನ ತರಬೇತಿ) ಆಗಲೇಬೇಕು, ಅದರ ಜೊತೆಗೆ ಅಂಗಡಿ ಕೆಲಸ ನಡೆಯದು. ಈಗಲೂ ಅಷ್ಟೆ, ದಿನಾ ನಾಲ್ಕೂವರೆ ಗಂಟೆ ನಿಂತು ಬಂದು ಓದುವುದು ಸುಲಭವಲ್ಲ. ಪರೀಕ್ಷೆಯ ತಿಂಗಳಲ್ಲಿ ಹೊತ್ತು ಕಡಿಮೆ ಮಾಡಿಕೊಡಿ ಎಂದು ಮೊದಲೇ ಕೇಳಿಡಿ. ಅಂಕ ಬಿದ್ದುಹೋದರೆ ಈ ಅನುಭವ ಅದನ್ನು ತುಂಬಿಕೊಡುವುದಿಲ್ಲ.

ಪ್ರಶ್ನೆ: ನನ್ನ ಮಗ ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಸಂಜೆ ಊಟದ ಡೆಲಿವರಿಗೆ ಹೋಗಿ ಹನ್ನೊಂದಕ್ಕೆ ಮನೆ ಸೇರುತ್ತಾನೆ. ‘ಅನುಭವ ಆಗುತ್ತದೆ ಬಿಡಮ್ಮ’ ಎನ್ನುತ್ತಾನೆ. ನಿಜವೇ?

ಉತ್ತರ: ಅಮ್ಮ, ಮೊದಲ ಕೆಲವು ತಿಂಗಳು ನಿಜ. ಹೊತ್ತಿಗೆ ಸರಿಯಾಗಿ ತಲುಪುವುದು, ಸಿಡುಕುವ ಗಿರಾಕಿಯ ಮುಂದೆ ತಾಳ್ಮೆಯಿಂದ ನಿಲ್ಲುವುದು, ಪೆಟ್ರೋಲ್ ಕಳೆದು ಕೈಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕುವುದು, ಇಷ್ಟನ್ನು ಕಲಿತಿರುತ್ತಾನೆ. ಆಮೇಲೆ ಅದೇ ರಸ್ತೆ, ಅದೇ ಓಟ. ಮನೆಗೆ ಆ ದುಡ್ಡು ಬೇಕೇಬೇಕು ಎಂದಾದರೆ ಅವನನ್ನು ತಡೆಯಬೇಡಿ, ಅದು ಮರ್ಯಾದೆಯ ದುಡಿಮೆ. ಅಷ್ಟು ತುರ್ತಿಲ್ಲದಿದ್ದರೆ ಶನಿವಾರ, ಭಾನುವಾರ ಒಬ್ಬ ಎಲೆಕ್ಟ್ರಿಕಲ್ ಗುತ್ತಿಗೆದಾರರ ಜೊತೆ ಹೋಗಲಿ. ಅಪಾರ್ಟ್‌ಮೆಂಟುಗಳ ಪ್ಯಾನಲ್ ಬೋರ್ಡು, ಜನರೇಟರು, ಪಂಪ್‌ಸೆಟ್ಟು ಹತ್ತಿರದಿಂದ ನೋಡಿದರೆ ಅವನ ಓದಿಗೇ ಬಲ ಬರುತ್ತದೆ. ದುಡ್ಡು ಡೆಲಿವರಿಗಿಂತ ಕಡಿಮೆ ಸಿಗಬಹುದು. ಡಿಪ್ಲೊಮಾ ಮುಗಿದ ಮೇಲೆ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷ ಸ್ಟೈಪೆಂಡ್ ಸಹಿತ ತರಬೇತಿಗೆ ಅವಕಾಶವಿದೆ. ಅದಕ್ಕೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ವಾರವೇ ಅವನನ್ನು ಕೂರಿಸಿ ಆ ಕೆಲಸ ಮುಗಿಸಿಬಿಡಿ.