ಡಿಸೆಂಬರ್‌ನಲ್ಲಿ ಅಂಡಮಾನಿನ ಜಾಲಿ ಬಾಯ್ ದ್ವೀಪಕ್ಕೆ ಹೋಗುತ್ತಿದ್ದೇವೆ. ನಮಗೆ ಈಜು ಬರುವುದಿಲ್ಲ. ಹವಳಕ್ಕೆ ತೊಂದರೆಯಾಗದಂತೆ ನೋಡುವುದು ಹೇಗೆ?

ಈಜು ಬರದಿದ್ದರೂ ನೋಡಬಹುದು, ಅಡ್ಡಿಯಿಲ್ಲ. ಪ್ರವಾಸಿಗರಿಂದ ಹವಳ ಮುರಿಯುವುದು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ: ನೀರೊಳಗೆ ನೋಡಲು ಕಣ್ಣು-ಮೂಗಿಗೆ ಹಾಕಿಕೊಳ್ಳುವ ಮಾಸ್ಕಿನೊಳಗೆ ಉಪ್ಪುನೀರು ನುಗ್ಗುತ್ತದೆ, ಗಾಬರಿಯಾಗುತ್ತದೆ, ಕಾಲು ನೆಲ ಹುಡುಕುತ್ತದೆ. ಅಲ್ಲಿ ನೆಲ ಎಂದರೆ ಹವಳವೇ. ಆ ಗಳಿಗೆ ಬರದ ಹಾಗೆ ಮಾಡಿಕೊಳ್ಳುವುದೇ ನಿಮ್ಮ ತಯಾರಿ.

ಮೊದಲು ಹೋಗುವ ವಿಚಾರ. ಜಾಲಿ ಬಾಯ್ ಇರುವುದು 1983ರಲ್ಲಿ ಆದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗೆ. ಪೋರ್ಟ್ ಬ್ಲೇರ್‌ನಿಂದ (2024ರಿಂದ ಹೆಸರು ಶ್ರೀ ವಿಜಯಪುರಂ) ಮೂವತ್ತು ಕಿಲೋಮೀಟರ್ ಆಸುಪಾಸಿನ ವಂಡೂರ್ ಜೆಟ್ಟಿಯಿಂದ ಬೆಳಿಗ್ಗೆಯೇ ದೋಣಿ ಹೊರಡುತ್ತದೆ. ಅರಣ್ಯ ಇಲಾಖೆಯ ಅನುಮತಿ ಚೀಟಿ ಮತ್ತು ಗುರುತಿನ ಚೀಟಿ ಬೇಕು. ಸಾಮಾನ್ಯವಾಗಿ ಸೋಮವಾರ ರಜೆ. ಮೇ ನಡುವಿನಿಂದ ಮಳೆಗಾಲವಿಡೀ ಜಾಲಿ ಬಾಯ್ ಮುಚ್ಚಿ, ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ. ನಿಮ್ಮ ಡಿಸೆಂಬರ್ ಜಾಲಿ ಬಾಯ್‌ನ ಕಾಲವೇ.

ಪ್ಲಾಸ್ಟಿಕ್ಕಿಗೆ ಅಲ್ಲಿ ಪ್ರವೇಶವಿಲ್ಲ, ಜೆಟ್ಟಿಯಲ್ಲೇ ಚೀಲ ತೆರೆದು ನೋಡುತ್ತಾರೆ. ಬಿಸ್ಕತ್ ಪೊಟ್ಟಣವೂ ಪ್ಲಾಸ್ಟಿಕ್ಕೇ. ದ್ವೀಪದಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ತಲೆಗೆ ಒಂದೂವರೆ ಲೀಟರ್ ಸ್ಟೀಲ್ ಬಾಟಲಿಯಲ್ಲಿ, ಚಿತ್ರಾನ್ನವೋ ಚಪಾತಿಯೋ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡರೆ ತಕರಾರೇ ಇಲ್ಲ.

ಈಗ ಮಾಸ್ಕ್. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಎಲ್ಲ ಎಡವಟ್ಟೂ ಶುರುವಾಗುವುದು ಇಲ್ಲೇ. ಬಾಡಿಗೆಗೆ ಕೊಡುವ ಮಾಸ್ಕಿನ ಪಟ್ಟಿಯನ್ನು ತಲೆಗೆ ಹಾಕದೆ, ಬರೀ ಮುಖಕ್ಕೆ ಒತ್ತಿಕೊಂಡು ಮೂಗಿನಿಂದ ಉಸಿರೆಳೆದು ಕೈ ಬಿಡಿ. ನಾಲ್ಕೈದು ಸೆಕೆಂಡ್ ಮುಖಕ್ಕೇ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ಬಿದ್ದರೆ ಬೇರೆ ಕೇಳಿ, ಸಂಕೋಚ ಬೇಡ. ಅಂಚಿನಡಿ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ನೀರು ಸೋರುತ್ತದೆ. ಮೀಸೆಯವರಿಗೆ ಮೂಗಿನ ಬುಡದಲ್ಲಿ ಸೋರುವುದು ಹೆಚ್ಚು. ಅಲ್ಲಿ ಅರ್ಧ ಸೆಂಟಿಮೀಟರ್ ಬೋಳಿಸಿಕೊಂಡರೆ ಸಾಕು, ಮೀಸೆಯ ಮರ್ಯಾದೆಗೇನೂ ಕುಂದಿಲ್ಲ. ಸೋರುತ್ತದೆಂದು ಪಟ್ಟಿ ಬಿಗಿ ಮಾಡಬೇಡಿ. ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ.

ಹೊರಡುವ ಮುನ್ನ ನಿಮ್ಮೂರಿನ ಈಜುಕೊಳದಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ, ಎರಡು ಮೂರು ದಿನ ಅಭ್ಯಾಸ ಮಾಡಿ. ಲೈಫ್ ಜಾಕೆಟ್ ಹಾಕಿಕೊಂಡು ಬೋರಲು ತೇಲುತ್ತಾ ಬಾಯಿಗೆ ಕಚ್ಚಿಕೊಳ್ಳುವ ಉಸಿರಾಟದ ಕೊಳವೆಯಲ್ಲಿ (ಸ್ನಾರ್ಕೆಲ್) ಹತ್ತು ನಿಮಿಷ ಉಸಿರಾಡಿ. ಕೊಳವೆಗೆ ನೀರು ಬಂದರೆ ‘ಥೂ’ ಎಂದು ಒಂದೇ ಸಲ ಜೋರಾಗಿ ಊದಿ. ಮುಖ್ಯವಾದದ್ದು ಮೂರನೆಯದು: ಏನೇ ಗಾಬರಿಯಾದರೂ ನಿಲ್ಲಲು ಹೋಗದೆ ಅಂಗಾತ ತಿರುಗುವುದು. ಜಾಕೆಟ್ ನಿಮ್ಮನ್ನು ತೇಲಿಸುತ್ತದೆ. ಆಕಾಶ ನೋಡುತ್ತಾ ಮಾಸ್ಕ್ ಸರಿಮಾಡಿಕೊಳ್ಳಬಹುದು. ಇದು ಕೈಬಂದರೆ ಕಾಲಿಗೆ ನೆಲವೇ ಬೇಡ.

ಕಾಲಿಗೆ ಹಾಕುವ ರೆಕ್ಕೆ, ಅಂದರೆ ಫಿನ್, ಬೇಡವೆನ್ನಿ. ಹೊಸಬರ ಕಾಲು ಕೆಳಗೆ ಜೋತುಬಿದ್ದಿರುತ್ತದೆ, ಒಂದೇ ಒದೆತಕ್ಕೆ ಕವಲು ಹವಳದ ತುದಿ ಮುರಿಯುತ್ತದೆ. ದುಂಡು ಹವಳ ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ತಾಗದಿದ್ದರೂ ಎದ್ದ ಮರಳು ಅದರ ಮೇಲೆ ಕೂತು ಬೆಳಕು ತಡೆಯುತ್ತದೆ. ಗೈಡ್ ಎಳೆದೊಯ್ಯುವ ರಿಂಗ್ ಹಿಡಿದು ಬೋರಲು ಮಲಗಿದರೆ ಸಾಕು. ಹೊಟ್ಟೆಯ ಕೆಳಗೆ ಕನಿಷ್ಠ ಒಂದು ಮೀಟರ್ ನೀರಿರಬೇಕು. ಇಳಿತದ ಹೊತ್ತಿನಲ್ಲಿ ಅಷ್ಟಿರುವುದಿಲ್ಲ, ಹುಣ್ಣಿಮೆ-ಅಮಾವಾಸ್ಯೆ ಹತ್ತಿರವಂತೂ ನೀರು ಇನ್ನೂ ಕೆಳಗಿಳಿಯುತ್ತದೆ. ಆ ದಿನದ ಉಬ್ಬರ-ಇಳಿತದ ಸಮಯ ದೋಣಿಯವರನ್ನು ಕೇಳಿಕೊಳ್ಳಿ.

ನೀರಿಗೇ ಇಳಿಯದಿದ್ದರೆ ಗಾಜಿನ ತಳದ ದೋಣಿಯಿದೆ. ದ್ವೀಪಕ್ಕೆ ಜೆಟ್ಟಿ ಇಲ್ಲದ್ದರಿಂದ ದೊಡ್ಡ ದೋಣಿಯಿಂದ ದಡಕ್ಕೆ ಮುಟ್ಟಿಸುವುದೂ ಅದೇ. ‘ಇನ್ನೂ ಹತ್ತಿರ ಹೋಗಿ’ ಎಂದು ಅಂಬಿಗರನ್ನು ಒತ್ತಾಯಿಸಬೇಡಿ, ತಳ ಉಜ್ಜುತ್ತದೆ. ನಕ್ಷತ್ರಮೀನು ಮೇಲೆತ್ತಿ ತೋರಿಸಲು ದುಡ್ಡು ಕೊಡಬೇಡಿ. ಮೀನಿಗೆ ಬ್ರೆಡ್ ಹಾಕುವುದೂ ಬೇಡ.

ಲಂಗರಿನ ಮಾತು ನಿಮ್ಮ ಕೈಯಲ್ಲಿಲ್ಲ. ಬೇರೆಲ್ಲಾದರೂ ನೀವೇ ದೋಣಿ ಗೊತ್ತುಮಾಡಿದರೆ, ನೀರಿನ ಮೇಲೆ ತೇಲುವ ಬೋಯಾಕ್ಕೆ ಕಟ್ಟುತ್ತಾರೋ ಮರಳಿನ ಮೇಲೆ ಲಂಗರು ಹಾಕುತ್ತಾರೋ ಎಂದು ಮೊದಲೇ ಕೇಳಿ. ಹಗ್ಗ ನೀರಿನ ಆಳದ ಐದರಿಂದ ಏಳು ಪಟ್ಟಿರಬೇಕು. ಗಿಡ್ಡವಾದರೆ ಲಂಗರು ಕಚ್ಚದೆ ಎಳೆದಾಡಿ, ದಾರಿಯಲ್ಲಿದ್ದದ್ದನ್ನೆಲ್ಲ ಕಿತ್ತುಹಾಕುತ್ತದೆ.

ಸನ್‌ಸ್ಕ್ರೀನ್ ಬದಲು ತುಂಬುತೋಳಿನ ಈಜುಡುಪು ಮೇಲು. ಹಚ್ಚಲೇಬೇಕಿದ್ದರೆ ಹವಳಕ್ಕೆ ಕೆಡುಕೆನ್ನುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇಲ್ಲದ್ದು ನೋಡಿ. ಹವಾಯಿಯಲ್ಲಿ 2021ರಿಂದ ಇವೆರಡರಲ್ಲಿ ಯಾವುದಾದರೂ ಇರುವ ಸನ್‌ಸ್ಕ್ರೀನ್ ಮಾರಾಟಕ್ಕೆ ನಿರ್ಬಂಧವಿದೆ.

ಬಣ್ಣಬಣ್ಣದ ಫೋಟೊ ನೋಡಿ ಹೋದರೆ ನಿರಾಸೆಯಾದೀತು. ಹವಳದ ಬಣ್ಣ ಬಹುಪಾಲು ಅದರೊಳಗಿನ ಸೂಕ್ಷ್ಮ ಪಾಚಿಯದು. ನೀರು ವಾರಗಟ್ಟಲೆ ಕಾದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಬಿಳಿಯಾದದ್ದೆಲ್ಲ ಸತ್ತಿರುವುದಿಲ್ಲ, ಚೇತರಿಸಿಕೊಳ್ಳಲೂಬಹುದು. ಬೆರಳಿಂದ ಚುಚ್ಚಿ ನೋಡಬೇಡಿ.

ದಡದಲ್ಲಿ ಬಿದ್ದ ಒಣ ಹವಳದ ಚೂರನ್ನೂ ಮಕ್ಕಳ ಜೇಬಿಗೆ ಹಾಕಿಸಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಹವಳವಿದೆ, ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ವಾಪಸಾಗುವಾಗ ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅದು ಕಲ್ಲಿನಂತೆ ಎದ್ದು ಕಾಣುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಮಕ್ಕಳ ಚೀಲದ ತಳ ಒಮ್ಮೆ ಕೊಡವಿ ನೋಡಿ.